ಉಗುರೇ ಅಲ್ವಾ ಅಂತ ಉದಾಸೀನ ಬೇಡ



ಈ ಸಲದ ಗೋಡೆ ಪತ್ರಿಕೆಗೆ ಆರೋಗ್ಯದ ಬಗ್ಗೆ ಒಂದೊಂದು ಪಾಠ ಬರೆಯಬೇಕು ಎಂದು ಮೇಷ್ಟ್ರು ಹೇಳಿದಾಗ ಒಬ್ಬರು ಹಲ್ಲು ತಗೊಂಡರು, ಒಬ್ಬರು ಕಣ್ಣು ತಗೊಂಡರು. ನಾನು ಉಗುರು ಅಂದೆ. ಎಲ್ಲರೂ ನಕ್ಕುಬಿಟ್ಟರು. "ಉಗುರಿನ ಬಗ್ಗೆ ಬರೆಯೋಕೆ ಏನಿದೆ? ಬೆಳೀತದೆ, ಕತ್ತರಿಸ್ತೀವಿ, ಅಷ್ಟೇ" ಅಂದರು. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹೋದ ವರ್ಷ ನಮ್ಮ ಅವ್ವನ ಬೆರಳು ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಆದ್ದರಿಂದ ಮೊದಲು ಆ ವಿಷಯ ಹೇಳಿ ಆಮೇಲೆ ಪಾಠಕ್ಕೆ ಬರುತ್ತೇನೆ.

ಅವ್ವನ ಬೆರಳು

ನಮ್ಮ ಕಡೆ ಮುಂಗಾರು ಬಿತ್ತನೆಗೆ ಮುಂಚೆ ಮನೆಮನೆಯಲ್ಲೂ ಶೇಂಗಾ ಸುಲಿಯುತ್ತಾರೆ. ಮಷಿನ್ನಿಗೆ ಹಾಕಿದರೆ ಬೀಜ ಒಡೆದು ಬೇಳೆಯಾಗುತ್ತದೆ, ಮೇಲಿನ ಸಿಪ್ಪೆ ಕಿತ್ತು ಬರುತ್ತದೆ. ಅಂಥ ಬೀಜ ಸರಿಯಾಗಿ ಹುಟ್ಟುವುದಿಲ್ಲ. ಅದಕ್ಕೇ ಬಿತ್ತನೆ ಬೀಜವನ್ನು ಕೈಯಲ್ಲೇ ಸುಲಿಯಬೇಕು. ಅವ್ವ ಬೆಳಗಿನಿಂದ ಸಂಜೆತನಕ ಸುಲಿದಳು. ಕಾಯಿ ಮೆತ್ತಗಾಗಲಿ ಎಂದು ನೀರು ಚಿಮುಕಿಸುತ್ತಿದ್ದಳು. ನಾಲ್ಕನೇ ದಿನ ಬಲಗೈ ತೋರುಬೆರಳಿನ ಉಗುರಿನ ಪಕ್ಕ ಒಂದು ಚರ್ಮದ ಎಳೆ ಎದ್ದಿತು. ಅವ್ವ ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಸಾಕಿದಳು. ಒಂದು ಚುಕ್ಕಿ ರಕ್ತ ಬಂತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಸುಲಿದಳು.

ಎರಡು ದಿನಕ್ಕೆ ಉಗುರಿನ ಸುತ್ತ ಕೆಂಪಗಾಗಿ ಊದಿಕೊಂಡಿತು. ಅಜ್ಜಿ ನೋಡಿ, ಇದು ಉಗುರುಸುತ್ತು ಅಂದಳು. ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿದಳು. ಬೆರಳು ತಣ್ಣಗಾಯಿತು, ಆದರೆ ಒಳಗಿನ ಕೀವು ಹೋಗಲಿಲ್ಲ. ಆಮೇಲೆ ಪಕ್ಕದ ಮನೆಯವರು ಹೇಳಿದರು ಅಂತ ಅವ್ವ ಪಿನ್ನಿನಲ್ಲಿ ಚುಚ್ಚಿಕೊಂಡಳು. ಆ ರಾತ್ರಿ ನೋವು ಮೊಣಕೈ ತನಕ ಹತ್ತಿತು, ಜ್ವರವೂ ಬಂತು. ಬೆಳಿಗ್ಗೆ ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಕುಯ್ದು ಕೀವು ತೆಗೆದರು. "ಕೆಂಪಗಾದ ದಿನವೇ ಬಂದಿದ್ದರೆ ಮಾತ್ರೆಯಲ್ಲೇ ಹೋಗುತ್ತಿತ್ತಲ್ಲಮ್ಮ" ಅಂದರಂತೆ. ಹತ್ತು ದಿನದಲ್ಲಿ ಆ ಉಗುರು ಸಡಿಲವಾಗಿ ಕಳಚಿ ಬಿತ್ತು.

ಬಿತ್ತನೆ ಸಮಯದಲ್ಲಿ ಅವ್ವ ಹದಿನೈದು ದಿನ ಕೈ ಎತ್ತಿಕೊಂಡು ಕೂತಿದ್ದಳು. ರೊಟ್ಟಿ ತಟ್ಟೋಕೂ ಆಗಲಿಲ್ಲ. ನಾನು ಒಂದು ವಾರ ಶಾಲೆ ತಪ್ಪಿಸಿ ಮನೆ ಕೆಲಸ ಮಾಡಿದೆ. ಇಷ್ಟಕ್ಕೆಲ್ಲಾ ಕಾರಣ ಏನು? ಒಂದು ಚರ್ಮದ ಎಳೆ!

ಆಗ ನನಗೆ ಉಗುರು ಅಂದರೆ ಏನು, ಅದು ಹೇಗೆ ಬೆಳೆಯುತ್ತದೆ, ಹೇಗೆ ಕೆಡುತ್ತದೆ ಎಂದು ತಿಳಿದುಕೊಳ್ಳುವ ಆಸೆಯಾಯಿತು. ವಿಜ್ಞಾನ ಮೇಷ್ಟ್ರನ್ನೂ ನಮ್ಮ ಊರಿನ ಆಶಾ ಅಕ್ಕನನ್ನೂ ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಉಗುರು ಎಂದರೇನು?

ಉಗುರು ಮೂಳೆ ಅಲ್ಲ. ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ನಮ್ಮ ಕೂದಲು, ಹಸುವಿನ ಕೊಂಬು ಮತ್ತು ಗೊರಸಿನ ಹೊರಕವಚ, ಕೋಳಿಯ ಪುಕ್ಕ ಇವುಗಳಲ್ಲೂ ಇರುವುದು ಕೆರಾಟಿನ್ ಜಾತಿಯ ಪ್ರೋಟೀನೇ.

ಉಗುರಿನ ಬುಡದಲ್ಲಿ ಚರ್ಮದ ಒಳಗೆ ಉಗುರಿನ ಬೇರು ಇದೆ. ಅಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಾ ಹಳೆಯವನ್ನು ಮುಂದಕ್ಕೆ ತಳ್ಳುತ್ತವೆ. ಮುಂದೆ ಬಂದ ಕೋಶಗಳು ಗಟ್ಟಿಯಾಗಿ, ಚಪ್ಪಟೆಯಾಗಿ, ಸತ್ತು ಒಂದರ ಮೇಲೊಂದು ಪದರವಾಗಿ ಅಂಟಿಕೊಳ್ಳುತ್ತವೆ. ಅದೇ ನಮಗೆ ಕಾಣುವ ಉಗುರು. ಸತ್ತ ಕೋಶಗಳಾದ್ದರಿಂದ ಕತ್ತರಿಸಿದರೆ ನೋವಾಗುವುದಿಲ್ಲ. ಆದರೆ ಉಗುರಿನ ಕೆಳಗಿರುವ ಚರ್ಮಕ್ಕೆ ಜೀವ ಇದೆ, ರಕ್ತನಾಳ ಇದೆ. ಅದಕ್ಕೇ ಉಗುರು ನಸುಗೆಂಪಾಗಿ ಕಾಣುತ್ತದೆ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಅರ್ಧಚಂದ್ರನ ಹಾಗೆ ಬೆಳ್ಳಗೆ ಕಾಣುವುದು ಉಗುರಿನ ಬೇರಿನ ಒಂದು ಭಾಗ.

ಉಗುರಿನ ಬುಡಕ್ಕೆ ಅಂಟಿಕೊಂಡ ಹಾಗೆ ಒಂದು ತೆಳು ಚರ್ಮ ಇದೆಯಲ್ಲ, ಅದನ್ನು ಎಲ್ಲರೂ ಬೇಡದ ಚರ್ಮ ಅಂದುಕೊಂಡಿದ್ದಾರೆ. ಅದು ಬಹಳ ಮುಖ್ಯವಾದ ಚರ್ಮ. ಕಾಳು ತುಂಬಿದ ಗುಡಾಣದ ಬಾಯಿಗೆ ಹುಳ ಹೋಗದ ಹಾಗೆ ಮಣ್ಣು ಮೆತ್ತುತ್ತಾರಲ್ಲ, ಅದೇ ಕೆಲಸ ಇದರದ್ದು. ನೀರು, ಕೊಳೆ, ರೋಗಾಣು ಒಳಗೆ ಹೋಗದಂತೆ ತಡೆಯುತ್ತದೆ. ಅದನ್ನು ಕಿತ್ತರೆ ಬಾಗಿಲು ತೆಗೆದಿಟ್ಟ ಹಾಗೆ.

ಉಗುರಿನ ಉಪಯೋಗಗಳು: ಬೆರಳ ತುದಿಗೆ ಪೆಟ್ಟಾಗದಂತೆ ಕಾಪಾಡುತ್ತದೆ. ನೆಲಕ್ಕೆ ಬಿದ್ದ ಸೂಜಿ, ಸಾಸಿವೆ ಕಾಳು ಹೆಕ್ಕಲು ಬೇಕು. ಮುಳ್ಳು ತೆಗೆಯಲು ಬೇಕು. ಗಂಟು ಬಿಚ್ಚಲು ಬೇಕು. ಉಗುರಿಲ್ಲದ ತಿಂಗಳುಗಳಲ್ಲಿ ಅವ್ವನಿಗೆ ಹೂ ಕಟ್ಟೋಕೂ ಆಗುತ್ತಿರಲಿಲ್ಲ.

ಉಗುರು ಎಷ್ಟು ಬೆಳೆಯುತ್ತದೆ?

ಕೈ ಉಗುರು ಒಂದು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಾಲಿನ ಉಗುರು ಅದರ ಅರ್ಧದಷ್ಟು ಮಾತ್ರ. ಕೈ ಉಗುರು ಪೂರ್ತಿ ಹೊಸದಾಗಲು ಸುಮಾರು 6 ತಿಂಗಳು, ಕಾಲಿನ ಹೆಬ್ಬೆರಳಿನ ಉಗುರಿಗೆ 12ರಿಂದ 18 ತಿಂಗಳು ಬೇಕು.

ನಾನು ಅವ್ವನ ಹೊಸ ಉಗುರನ್ನು ತಿಂಗಳಿಗೊಮ್ಮೆ ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲಿ ಅಳೆದು ಬರೆದಿಟ್ಟೆ.

ಜುಲೈ ಕೊನೆ – 2 ಮಿ.ಮೀ.
ಆಗಸ್ಟ್ ಕೊನೆ – 5 ಮಿ.ಮೀ.
ಸೆಪ್ಟೆಂಬರ್ ಕೊನೆ – 7 ಮಿ.ಮೀ.
ಅಕ್ಟೋಬರ್ ಕೊನೆ – 10 ಮಿ.ಮೀ.
ನವೆಂಬರ್ ಕೊನೆ – ತುದಿ ಮುಟ್ಟಿತು.

ಜೂನ್‌ನಲ್ಲಿ ಬಿದ್ದ ಉಗುರು ಪೂರ್ತಿ ಬರಲು ದೀಪಾವಳಿಯೂ ದಾಟಿತು. ಕೆಡಿಸಿಕೊಳ್ಳೋಕೆ ಒಂದು ನಿಮಿಷ ಸಾಕು, ಬೆಳೆಸೋಕೆ ಅರ್ಧ ವರ್ಷ ಬೇಕು ಎಂದು ಇದರಿಂದ ತಿಳಿಯುತ್ತದೆ.

ನೀವೇ ಮಾಡಿ ನೋಡಿ: ನಾಗರ ಪಂಚಮಿಗೆ ಗೋರಂಟಿ ಹಾಕಿಕೊಂಡಾಗ ಉಗುರಿಗೂ ಹಾಕಿ. ಅಂಗೈ ಬಣ್ಣ ಸ್ವಲ್ಪ ದಿನಕ್ಕೆ ಹೋಗುತ್ತದೆ, ಉಗುರಿನ ಬಣ್ಣ ಹೋಗುವುದಿಲ್ಲ. ಯಾಕೆಂದರೆ ಗೋರಂಟಿ ಬಣ್ಣ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಅಂಗೈ ಚರ್ಮ ಉದುರಿ ಹೊಸದಾಗುತ್ತದೆ, ಉಗುರು ಮುಂದಕ್ಕೆ ಬೆಳೆಯಬೇಕು ಅಷ್ಟೇ. ಒಂದು ತಿಂಗಳಾದ ಮೇಲೆ ಬುಡದಲ್ಲಿ ಬಣ್ಣವಿಲ್ಲದ ಜಾಗವನ್ನು ಅಳೆಯಿರಿ. ಸುಮಾರು 3 ಮಿಲಿಮೀಟರ್ ಇರುತ್ತದೆ.

ಓಟಿನ ಶಾಯಿಯದೂ ಇದೇ ಕಥೆ. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಸ್ಥಾಪಿಸಿದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ಈ ಶಾಯಿ ಬಳಸುತ್ತಾ ಬಂದಿದ್ದಾರೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಚರ್ಮದ ಮೇಲಿನ ಗುರುತು ಬೇಗ ಹೋಗುತ್ತದೆ, ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸಿದಾಗಲೇ ಹೋಗುವುದು. ಸೋಪು ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ.

ಉಗುರನ್ನು ಕಾಪಾಡುವ ಅಭ್ಯಾಸಗಳು

1. ಕಚ್ಚಬಾರದು. ಸೋಮವಾರ ಪ್ರಾರ್ಥನೆ ಸಮಯದಲ್ಲಿ ಉಗುರು ನೋಡುತ್ತಾರೆ ಅಂತ ಗೊತ್ತಾದ ಕೂಡಲೇ ಸಾಲಿನಲ್ಲಿ ನಿಂತು ಕಚ್ಚಿ ಕಚ್ಚಿ ಉಗುಳುವವರು ಎಷ್ಟು ಜನ ಇದ್ದೀವಿ ಹೇಳಿ! ನಾನೂ ಅದರಲ್ಲಿ ಒಬ್ಬಳಾಗಿದ್ದೆ. ಹಲ್ಲಿನಿಂದ ಕಚ್ಚಿದರೆ ಉಗುರು ನೇರವಾಗಿ ತುಂಡಾಗುವುದಿಲ್ಲ, ಹರಿಯುತ್ತದೆ. ಪದರ ಬಿಡುತ್ತದೆ. ಪಕ್ಕದ ಚರ್ಮಕ್ಕೂ ಗಾಯವಾಗಿ ಬಾಯಿಯ ರೋಗಾಣು ಅಲ್ಲಿ ಸೇರುತ್ತದೆ. ಉಗುರಿನ ಸಂದಿಯ ಮಣ್ಣಿನಲ್ಲಿರುವ ಜಂತುಹುಳದ ಮೊಟ್ಟೆ ಹೊಟ್ಟೆಗೆ ಹೋಗುತ್ತದೆ. ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರಲ್ಲ, ಅದನ್ನು ನುಂಗಿ ಮತ್ತೆ ಉಗುರು ಕಚ್ಚಿದರೆ ತೂತು ಬಿದ್ದ ಕೊಡಕ್ಕೆ ನೀರು ಹುಯ್ದ ಹಾಗೆ.

2. ಸ್ನಾನ ಆದ ಮೇಲೆ ಕತ್ತರಿಸಿ. ನೀರಿನಲ್ಲಿ ನೆನೆದ ಉಗುರು ಮೆತ್ತಗಿರುತ್ತದೆ, ಸೀಳುವುದಿಲ್ಲ. ಒಣ ಉಗುರು ಚಟ್ ಅಂತ ಸಿಡಿದು ಅಡ್ಡಾದಿಡ್ಡಿ ಹರಿಯುತ್ತದೆ. ಕಾಲಿನ ಉಗುರು ಬಲು ಗಟ್ಟಿ, ಅದಕ್ಕಂತೂ ನೆನೆಸಲೇಬೇಕು.

3. ಕೈಗೆ ಒಂದು ರೀತಿ, ಕಾಲಿಗೆ ಒಂದು ರೀತಿ. ಕೈ ಉಗುರನ್ನು ಬೆರಳಿನ ತುದಿಯ ಆಕಾರಕ್ಕೆ ತಕ್ಕಂತೆ ಸ್ವಲ್ಪ ದುಂಡಗೆ ಕತ್ತರಿಸಬೇಕು. ಕಾಲಿನ ಉಗುರನ್ನು ನೇರವಾಗಿ ಅಡ್ಡಕ್ಕೆ ಕತ್ತರಿಸಬೇಕು. ಕಾಲಿನ ಉಗುರಿನ ಮೂಲೆಯನ್ನು ಒಳಗೆ ಕೊರೆದರೆ ಅದು ಬೆಳೆಯುವಾಗ ಮಾಂಸದೊಳಕ್ಕೆ ಹೋಗಿ ಚುಚ್ಚುತ್ತದೆ. ಎಲ್ಲೂ ತೀರಾ ಬುಡಕ್ಕೆ ಕತ್ತರಿಸಬೇಡಿ. ಬಿಳಿ ತುದಿ ಒಂದು ಗೆರೆಯಷ್ಟು ಉಳಿದಿರಲಿ.

4. ಬ್ಲೇಡು ಬೇಡ. ಬ್ಲೇಡಿನಲ್ಲಿ ಕೈ ಜಾರಿದರೆ ಬೆರಳೇ ಕುಯ್ಯುತ್ತದೆ. ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸಿದರೆ ರಕ್ತದಿಂದ ಬರುವ ರೋಗಗಳು ಹರಡಬಹುದು. ನೇಲ್ ಕಟರ್ ಒಳ್ಳೆಯದು. ಮನೆಮಂದಿಗೆಲ್ಲಾ ಒಂದೇ ಕಟರ್ ಇದ್ದರೆ ಪ್ರತಿ ಸಲ ಸೋಪಿನಲ್ಲಿ ತೊಳೆದು ಒರೆಸಿಡಿ. ಉಗುರಿನಲ್ಲಿ ಬೂಷ್ಟು ರೋಗ ಇರುವವರ ಕಟರನ್ನು ಬೇರೆಯವರು ಮುಟ್ಟಬಾರದು.

5. ಚರ್ಮದ ಎಳೆ ಎಳೆಯಬೇಡಿ. ಇದನ್ನು ಅವ್ವನಿಗಾಗಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಎಳೆ ಎದ್ದರೆ ಬೆರಳನ್ನು ನೀರಿನಲ್ಲಿ ನೆನೆಸಿ, ತೊಳೆದ ಕಟರಿನಿಂದ ಎದ್ದಷ್ಟನ್ನು ಮಾತ್ರ ಕತ್ತರಿಸಿ. ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ. ಎಳೆದರೆ ಒಳ್ಳೆ ಚರ್ಮವೂ ಕಿತ್ತುಕೊಂಡು ಬರುತ್ತದೆ.

6. ನೀರಿನಲ್ಲಿ ಬಹಳ ಹೊತ್ತು ಕೈ ಇಡುವವರು ಎಚ್ಚರ. ಉಗುರು ನೀರು ಹೀರಿ ಊದುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಪದರ ಪದರವಾಗಿ ಬಿಡುತ್ತದೆ. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ನಮ್ಮ ಅವ್ವ, ಅಕ್ಕಂದಿರ ಉಗುರು ಬೇಗ ಸೀಳುವುದು ಇದಕ್ಕೇ. ಜೊತೆಗೆ ಸೋಪಿನ ಪುಡಿ ಉಗುರಿನ ಎಣ್ಣೆಯ ಅಂಶವನ್ನು ತೆಗೆದುಬಿಡುತ್ತದೆ. ಪರಿಹಾರ ಏನೆಂದರೆ, ಎಲ್ಲಾ ಪಾತ್ರೆಯನ್ನೂ ಒಟ್ಟಿಗೆ ತೊಳೆದು, ಕೈ ಒರೆಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದು. ಮನೆಯಲ್ಲಿ ಎಲ್ಲರೂ ತಿಂದ ತಟ್ಟೆಯನ್ನು ತಾವೇ ತೊಳೆದರೆ ಇನ್ನೂ ಒಳ್ಳೆಯದು. ಗಂಡು ಹುಡುಗರೂ ಗಮನಿಸಿ!

7. ಉಗುರು ಆಯುಧ ಅಲ್ಲ. ಡಬ್ಬಿ ಮುಚ್ಚಳ ಎಬ್ಬಿಸೋದು, ಸ್ಕ್ರೂ ತಿರುಗಿಸೋದು, ಗೋಡೆಗೆ ಅಂಟಿದ ಕಾಗದ ಕೆರೆಯೋದು ಇವಕ್ಕೆಲ್ಲಾ ಉಗುರು ಬಳಸಬಾರದು. ಚಮಚದ ಹಿಡಿ ಇದೆ. ಶೇಂಗಾ ಸುಲಿಯುವಾಗ ಅಜ್ಜಿ ಮಾಡುವ ಹಾಗೆ ಮಾಡಿ. ಅಜ್ಜಿ ಕಾಯಿಯ ಮೂತಿಯನ್ನು ಕಲ್ಲಿಗೆ ಮೆಲ್ಲಗೆ ತಟ್ಟಿ ಬಿರುಕು ಬಿಡಿಸಿ ಆಮೇಲೆ ಸುಲಿಯುತ್ತಾಳೆ. ಹೆಬ್ಬೆರಳಿಗೆ ಹಳೆ ಬಟ್ಟೆ ಸುತ್ತಿಕೊಳ್ಳುತ್ತಾಳೆ. ಅಜ್ಜಿಗೆ ಅರವತ್ತೈದು ದಾಟಿದರೂ ಒಂದು ಉಗುರೂ ಹಾಳಾಗಿಲ್ಲ.

8. ಸುಣ್ಣ, ಸಿಮೆಂಟು, ಗೊಬ್ಬರ, ಔಷಧಿ ಮುಟ್ಟುವಾಗ ಕೈಗವಸು ಹಾಕಬೇಕು. ಸುಣ್ಣ ಮತ್ತು ಸಿಮೆಂಟು ಚರ್ಮವನ್ನು ಸುಡುತ್ತವೆ. ಬೆಳೆಗೆ ಹೊಡೆಯುವ ಔಷಧಿ ವಿಷ. ಅದು ಉಗುರಿನ ಸಂದಿಯಲ್ಲಿ ಉಳಿದರೆ ಊಟದ ಜೊತೆ ಹೊಟ್ಟೆಗೆ ಹೋಗುತ್ತದೆ.

9. ಬಣ್ಣ ಕೆರೆಯಬೇಡಿ. ಜಾತ್ರೆಯಲ್ಲಿ ತಂದ ಉಗುರು ಬಣ್ಣವನ್ನು ಹಚ್ಚಿಕೊಂಡು ಎರಡು ದಿನಕ್ಕೆ ಬ್ಲೇಡಿನಲ್ಲೋ ಪಿನ್ನಿನಲ್ಲೋ ಕೆರೆಯುತ್ತೇವೆ. ಬಣ್ಣದ ಜೊತೆ ಉಗುರಿನ ಮೇಲಿನ ಪದರವೂ ಹೋಗುತ್ತದೆ. ತೆಗೆಯುವ ದ್ರಾವಣವೂ ಉಗುರನ್ನು ಒಣಗಿಸುತ್ತದೆ, ಆದ್ದರಿಂದ ಅದನ್ನು ಪದೇಪದೇ ಬಳಸಬಾರದು. ಹಬ್ಬಕ್ಕೊಮ್ಮೆ ಹಚ್ಚಿಕೊಂಡರೆ ತೊಂದರೆ ಇಲ್ಲ.

10. ಕೈ ತೊಳೆಯುವಾಗ ಉಗುರನ್ನು ಮರೆಯಬೇಡಿ. ಸೋಪು ಹಚ್ಚಿದ ಅಂಗೈ ಮೇಲೆ ಬೆರಳ ತುದಿಗಳನ್ನು ಗುಂಡಗೆ ತಿಕ್ಕಬೇಕು. ಕನಿಷ್ಠ 20 ಸೆಕೆಂಡು ತೊಳೆಯಬೇಕು. ಪಿನ್ನಿನಲ್ಲಿ ಉಗುರು ಸಂದಿ ಕೆರೆದರೆ ಉಗುರು ಚರ್ಮದಿಂದ ಬಿಟ್ಟುಕೊಳ್ಳುತ್ತದೆ. ಆಗ ಇನ್ನೂ ಹೆಚ್ಚು ಕೊಳೆ ಸೇರುತ್ತದೆ.

ಉಗುರು ಹೇಳುವ ಸುದ್ದಿ

ಉಗುರು ನೋಡಿ ಡಾಕ್ಟರು ಕೆಲವು ವಿಷಯ ತಿಳಿದುಕೊಳ್ಳುತ್ತಾರೆ. ಉಗುರನ್ನು ಒತ್ತಿ ಹಿಡಿದು ಬಿಡಿ. ಬೆಳ್ಳಗಾದದ್ದು ಸುಮಾರು 2 ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ರಕ್ತ ಸರಿಯಾಗಿ ಹರಿಯುತ್ತಿದೆ ಎಂದು ಇದರ ಅರ್ಥ. ಚಳಿಯಲ್ಲಿ ಕೈ ತಣ್ಣಗಿದ್ದರೆ ಸ್ವಲ್ಪ ತಡವಾಗುತ್ತದೆ, ಹೆದರಬೇಡಿ.

ಉಗುರು ಬಿಳಿಚಿಕೊಂಡು, ನಡುವೆ ತಗ್ಗಾಗಿ ಚಮಚದ ಹಾಗೆ ಆಗಿದ್ದರೆ ದೇಹದಲ್ಲಿ ಕಬ್ಬಿಣಾಂಶ ಕಡಿಮೆ ಇರಬಹುದು. ಅಂಥ ಉಗುರಿನ ಮೇಲೆ ಒಂದು ಹನಿ ನೀರು ಬಿಟ್ಟರೆ ಜಾರದೆ ನಿಲ್ಲುತ್ತದೆ. ಹಾಗಿದ್ದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ನುಗ್ಗೆಸೊಪ್ಪು, ರಾಗಿ, ಹುರುಳಿಕಾಳು, ಮೊಟ್ಟೆ ತಿನ್ನಬೇಕು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯಬಾರದು. ಯಾರು ಅಂತ ನಾನು ಹೇಳುವುದಿಲ್ಲ.

ಬಿಳಿ ಚುಕ್ಕೆ ಬಗ್ಗೆ ಒಂದು ಮಾತು. ಬೆಳ್ಳಕ್ಕಿ ಹಿಂಡು ಹಾರುವಾಗ ನಾವು ಚಿಕ್ಕವರಿದ್ದಾಗ ಉಗುರು ಉಜ್ಜಿ ಬಿಳಿ ಚುಕ್ಕೆ ಕೇಳುತ್ತಿದ್ದೆವು. ಚುಕ್ಕೆ ಬಂದರೆ ಹೊಸ ಬಟ್ಟೆ ಬರುತ್ತದೆ ಅಂತಲೂ ಹೇಳುತ್ತಿದ್ದರು. ಸಾಮಾನ್ಯವಾಗಿ ಅದು ಬರುವುದು ಕೆಲವು ವಾರ ಮುಂಚೆ ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನಿಂದ. ನಮಗೆ ಮರೆತೇ ಹೋಗಿರುತ್ತದೆ. ಉಗುರು ಬೆಳೆದಂತೆ ಚುಕ್ಕೆಯೂ ಮುಂದೆ ಸರಿದು ಹೋಗುತ್ತದೆ.

ಸಂಜೆ ಹೊತ್ತು ಉಗುರು ಕತ್ತರಿಸಬಾರದು ಎಂದು ಅಜ್ಜಿ ಬೈಯುತ್ತಾಳೆ. ದೀಪದ ಮಂದ ಬೆಳಕಿನಲ್ಲಿ ಬೆರಳು ಕುಯ್ದುಕೊಂಡೀರಿ, ಬಿದ್ದ ಉಗುರು ಕಾಣದೆ ಊಟಕ್ಕೆ ಸೇರೀತು ಎಂಬ ಎಚ್ಚರಿಕೆ ಅದರಲ್ಲಿ ಇರಬಹುದು ಎಂದು ನನಗೆ ಅನ್ನಿಸುತ್ತದೆ. ಈಗ ಲೈಟು ಇದ್ದರೂ ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ. ಆದ್ದರಿಂದ ಹಗಲಿನಲ್ಲೇ, ಕಾಗದ ಹಾಸಿಕೊಂಡು ಕತ್ತರಿಸುವುದು ಒಳ್ಳೆಯದು.

ಉಗುರುಸುತ್ತು ಆದರೆ

ಬರೀ ಕೆಂಪಗಾಗಿ ನೋವಿದ್ದರೆ ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ, ಹದಿನೈದು ನಿಮಿಷ ಬೆರಳು ಅದ್ದಿ ಇಡಬೇಕು. ಆಮೇಲೆ ಒರೆಸಿ ಒಣಗಿಸಬೇಕು. ಸಗಣಿ, ಸುಣ್ಣ ಮೆತ್ತಬಾರದು. ಪಿನ್ನು, ಮುಳ್ಳಿನಲ್ಲಿ ಚುಚ್ಚಬಾರದು. ಒಂದೆರಡು ದಿನಕ್ಕೆ ಕಡಿಮೆ ಆಗದಿದ್ದರೆ, ಕೀವು ಕಂಡರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರು ಮೊದಲ ದಿನವೇ ತೋರಿಸಬೇಕು, ಏಕೆಂದರೆ ಅವರಿಗೆ ಗಾಯ ಬೇಗ ಮಾಯುವುದಿಲ್ಲ.

ಗುರುಗಳಲ್ಲಿ ಒಂದು ವಿನಂತಿ

ಉಗುರು ಬೆಳೆದವರನ್ನು ಸಾಲಿನಿಂದ ಆಚೆ ನಿಲ್ಲಿಸಿದರೆ ಮುಂದಿನ ವಾರ ಅವರು ಇನ್ನೂ ಜೋರಾಗಿ ಕಚ್ಚುತ್ತಾರೆ. ಎಷ್ಟೋ ಮನೆಯಲ್ಲಿ ಕಟರ್ ಇಲ್ಲ. ಶಾಲೆಗೆ ಎರಡು ನೇಲ್ ಕಟರ್ ತಂದು, ಶನಿವಾರ ಬಿಡುವ ಮುಂಚೆ ಹತ್ತು ನಿಮಿಷ ಉಗುರು ಕತ್ತರಿಸಲು ಕೊಟ್ಟರೆ ಒಳ್ಳೆಯದಾಗುತ್ತದೆ. ಪ್ರತಿಯೊಬ್ಬರು ಬಳಸಿದ ಮೇಲೆ ಕಟರನ್ನು ಸೋಪಿನಲ್ಲಿ ತೊಳೆಯುವ ಜವಾಬ್ದಾರಿಯನ್ನು ನಾನು ತೆಗೆದುಕೊಳ್ಳುತ್ತೇನೆ. ಚಿಕ್ಕ ತರಗತಿ ಮಕ್ಕಳಿಗೆ ನಾವು ಏಳನೆಯವರೇ ಕತ್ತರಿಸಿ ಕೊಡುತ್ತೇವೆ.

ನೆನಪಿಡಿ
ಕಚ್ಚಬೇಡಿ, ಕೀಳಬೇಡಿ, ಕೆರೆಯಬೇಡಿ.
ನೆನೆಸಿ ಕತ್ತರಿಸಿ, ಒರೆಸಿ ಎಣ್ಣೆ ಹಚ್ಚಿ.
ಕೆಂಪಾದರೆ ಉಪ್ಪು ನೀರು, ಕೀವಾದರೆ ಆಸ್ಪತ್ರೆ.

ಪ್ರಶ್ನೆಗಳು (ಉತ್ತರ ಮೇಲೆಯೇ ಇದೆ)
1. ಉಗುರು ಯಾವ ಪ್ರೋಟೀನಿನಿಂದ ಆಗಿದೆ?
2. ಕಾಲಿನ ಉಗುರಿನ ಮೂಲೆಯನ್ನು ಯಾಕೆ ಕೊರೆಯಬಾರದು?
3. ಓಟಿನ ಶಾಯಿ ಉಗುರಿನಿಂದ ಯಾವಾಗ ಹೋಗುತ್ತದೆ?

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಹಿರಿಯರು ಗಾದೆ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಆ ಗಾದೆ ನಿಜವೇ ಆಯಿತು. ಒಂದು ಕಟರಿನಲ್ಲಿ ಹೋಗಬೇಕಾದ್ದಕ್ಕೆ ಡಾಕ್ಟರ ಚಾಕು ಬೇಕಾಯಿತು. ಈ ವರ್ಷ ಶೇಂಗಾ ಸುಲಿಯುವಾಗ ಅವ್ವನ ಹೆಬ್ಬೆರಳಿಗೂ ತೋರುಬೆರಳಿಗೂ ನಾನೇ ಬಟ್ಟೆ ಸುತ್ತಿ ಕಟ್ಟುತ್ತೇನೆ. ಇದನ್ನು ಓದಿದವರು ನಿಮ್ಮ ಮನೆಯಲ್ಲೂ ಒಂದು ಸಲ ಎಲ್ಲರ ಬೆರಳು ನೋಡಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ ವಿದ್ಯಾರ್ಥಿನಿ